ಚಂದ್ರಕಾಳಿಯ ಕೊಂಡಿ

ಇಳಕಲ್ಲ,
2 ಡಿಸೆಂಬರ್ 2001, ರವಿವಾರ

ನನ್ನ ಮುದ್ದಿನ ನಾಗೂಗೆ,

ನಿನ್ನ ಎರಡೂ ಕಾಗದ ಬಂದು ದೇವರ ಮಾಡದಲ್ಲಿ ಕೂತಿವೆ. ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಿಕೊಳ್ಳಬೇಡ. ನೀನು ಅಬೇದಾಳ ಮನೆಗೆ ಫೋನು ಮಾಡಿದಾಗಲೆಲ್ಲ ‘ನಿಮ್ಮವ್ವ ನೀರಿಗೆ ಹೋಗ್ಯಾಳ’ ಎಂದು ಹೇಳಿಸಿದವಳು ನಾನೇ. ‘ಎಷ್ಟ ನೀರ ತರ್ತೀಯವ್ವಾ, ಮನ್ಯಾಗ ಕೆರಿ ಕಟ್ಟಿಸೀಯೇನು?’ ಎಂದು ಅವಳು ನನ್ನನ್ನು ಕಾಡುತ್ತಾಳೆ. ಪಕ್ಕದ ಮನೆಯವಳ ಮುಂದೆ ನಕ್ಕು ಸುಮ್ಮನಾಗಬಹುದು. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ಬಾಯಿ ನಿಲ್ಲುತ್ತಿರಲಿಲ್ಲ, ಅದಕ್ಕೇ ತಪ್ಪಿಸಿಕೊಂಡೆ.

ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಲು ಹೋದರೆ ಕೈ ಏಳುತ್ತಿಲ್ಲ. ನೀನು ಕೇಳಿದ್ದು ಒಂದೇ ಮಾತು: ಅಪ್ಪ ಕೂಡಲಸಂಗಮದಿಂದ ಬಂದರಾ? ಬಂದಿಲ್ಲ ಮಗಳೇ. ದೀಪಾವಳಿ ಅಮಾವಾಸ್ಯೆಯ ಸಂಜೆ ಗಂಟನ್ನು ಬಗಲಲ್ಲಿಟ್ಟುಕೊಂಡು ಹೋದವರು ಇನ್ನೂ ಬಂದಿಲ್ಲ. ಅವರು ಹೋದದ್ದು ಸಂಗಮಕ್ಕೂ ಅಲ್ಲ. ನಿನಗೆ ಬುದ್ಧಿ ತಿಳಿದಾಗಿನಿಂದ ಯಾವ ಅಮಾವಾಸ್ಯೆಗೂ ಅವರು ಸಂಗಮಕ್ಕೆ ಹೋಗಿಲ್ಲ.

ಇಲ್ಲಿಂದ ಮುಂದಿನದನ್ನು ಹಾಸ್ಟೆಲ್ಲಿನ ಹುಡುಗಿಯರ ನಡುವೆ ಕೂತು ಓದಬೇಡ. ನಿಮ್ಮಪ್ಪ ಅಮಾವಾಸ್ಯೆಯ ದಿನ ಹೊತ್ತು ಮುಳುಗಿದ ಮೇಲೆ ತೋಳ ಆಗುತ್ತಾರೆ. ಬೆಳಗಾಗುವಾಗ ಮತ್ತೆ ಮನುಷ್ಯರಾಗಿ ಮನೆಗೆ ಬಂದು ‘ಚಹಾ ಕುದಸು’ ಎನ್ನುತ್ತಾರೆ. ಅವ್ವನಿಗೆ ತಲೆ ಕೆಟ್ಟಿದೆ ಅಂದುಕೊಂಡೆಯಾ? ನನ್ನ ತಲೆ ಕೆಟ್ಟಿದ್ದರೆ ಎಷ್ಟೋ ಮೇಲಾಗಿತ್ತು, ಧಾರವಾಡಕ್ಕೆ ಒಯ್ದು ಗುಣ ಮಾಡಿಸಬಹುದಿತ್ತು.

ನಿನ್ನ ಅಜ್ಜಿ ಬಾಳವ್ವ ಹೇಳುತ್ತಿದ್ದರು. ಬಾದಾಮಿಯಲ್ಲಿ ಅರಸರು ಆಳುತ್ತಿದ್ದ ಕಾಲದಲ್ಲಿ ಈ ಮನೆತನದ ಹಿರಿಯನೊಬ್ಬ ಬೇಟೆಗೆ ಹೋಗಿ, ತುಂಬಿದ ಬಸುರಿ ತೋಳವನ್ನು ಕೊಂದನಂತೆ. ಅದರ ಜೋಡಿ ಗಂಡು ತೋಳ ಇವನ ಮನೆಯ ಬಾಗಿಲಿಗೆ ಬಂದು, ಅನ್ನ ನೀರು ಮುಟ್ಟದೆ ಅಲ್ಲೇ ಸತ್ತಿತಂತೆ. ಅಂದಿನಿಂದ ತಲೆಮಾರಿಗೊಬ್ಬ ಗಂಡುಮಗ ಅಮಾವಾಸ್ಯೆಗೆ ತೋಳವಾಗಿ ಅದರ ಪಾಳಿ ಮಾಡಬೇಕು. ಖರೆಯೋ ಸುಳ್ಳೋ ಯಾರಿಗೆ ಗೊತ್ತು. ಅರಸರೆಲ್ಲ ಹೋದರು, ಪಾಳಿ ಮಾತ್ರ ನಮ್ಮ ಮನೆಗೆ ಉಳಿಯಿತು.

ನಾನು ಚೊಳಚಗುಡ್ಡದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಮಗ್ಗದ ಕುಣಿಗೆ ಇಳಿಸಿ ಕೊಂಡಿ ಹಾಕುವುದನ್ನು ಕಲಿಸಿದರು. ನಮ್ಮ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ ಎಂಬುದನ್ನು ನಿನಗೆ ಹೇಳಬೇಕಾಗಿಲ್ಲ. ಮೈಗೆ ನೂಲು, ಸೆರಗಿಗೆ ರೇಷ್ಮೆ. ಒಂದೊಂದು ಎಳೆಗೂ ಕುಣಿಕೆ ಹಾಕಿ ಇನ್ನೊಂದಕ್ಕೆ ಸಿಕ್ಕಿಸುತ್ತ ಹೋದರೆ ಎರಡೂ ಸೇರಿ ಒಂದೇ ಬಟ್ಟೆ. ‘ಇದನ್ನ ಛಲೋತ್ನಂಗ ಕಲಿಯವ್ವಾ, ಇಲ್ಲಂದ್ರ ಗಂಡ ಮನಿಗೆ ಬರೂದಿಲ್ಲ’ ಎಂದರು. ಸೊಸೆಯನ್ನು ಹೆದರಿಸಿ ದುಡಿಸುವ ಅತ್ತೆಯ ಮಾತು ಅಂದುಕೊಂಡೆ. ಅವರು ಹೇಳಿದ್ದು ಇದ್ದದ್ದು ಇದ್ದ ಹಾಗೆ. ಹೆಂಡತಿ ತನ್ನ ಕೈಯಾರೆ ಕೊಂಡಿ ಹಾಕಿದ ಸೀರೆ ಊರಾಚೆಯ ಖಣಿಯ ಕಲ್ಲಿನ ಮೇಲೆ ಕಾದಿರಬೇಕು. ತೋಳ ಸೆರಗಿನ ಕಡೆಯಿಂದ ನುಸುಳಿ, ಕೊಂಡಿ ದಾಟಿ, ಮೈಯ ಕಡೆಯಿಂದ ಮನುಷ್ಯನಾಗಿ ಹೊರಬರಬೇಕು. ಅಮಾವಾಸ್ಯೆ ಇರುವಾಗಲೇ ಬರಬೇಕು, ತಪ್ಪಿದರೆ ಮುಂದಿನ ಅಮಾವಾಸ್ಯೆಯ ತನಕ ತೋಳವೇ. ಬೇರೆ ದಾರಿ ಇಲ್ಲ.

ಮೊದಲ ಸಲ ಕಣ್ಣಾರೆ ಕಂಡಾಗ ನಾನು ತವರಿಗೆ ಓಡಿದೆ. ಇವರು ಹಿಂದೆಯೇ ಚೊಳಚಗುಡ್ಡಕ್ಕೆ ಬಂದರು. ಒಳಗೆ ಬಾರದೆ ಕಟ್ಟೆಯ ಮೇಲೇ ಕೂತು, ‘ಅಂಜಿಕಿ ಇದ್ರ ಬರಬ್ಯಾಡ ಮಾನಂದಾ. ಆದ್ರ ಒಂದ ಮಾತ. ನೀ ಕೊಂಡಿ ಭಾಳ ಬಿಗಿ ಹಾಕೀದಿ. ದಾಟೂಮುಂದ ಉಸರ ಹಿಡೀತೈತಿ. ಒಂಚೂರು ಸಡ್ಲ ಹಾಕಬೇಕಿತ್ತು’ ಎಂದರು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಿಲ್ಲ. ತೋಳ ಆಗುವ ಗಂಡ ಹೆಂಡತಿಯ ನೇಯ್ಗೆಯಲ್ಲಿ ಹುಳುಕು ಹುಡುಕುತ್ತಾನೆ! ಅಂದಿನ ಬಸ್ಸಿಗೇ ಜೊತೆಯಲ್ಲಿ ಹೊರಟೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದುಹೋಗಿ ಕರದಂಟು ತಂದರು. ಅರ್ಧ ತಾವು ಕಚ್ಚಿ ಉಳಿದರ್ಧ ನನ್ನ ಕೈಗಿಟ್ಟು, ‘ಹಲ್ಲ ಮನಷ್ಯಾರವ ಅದಾವ, ತಿನ್ನು’ ಎಂದರು. ಅವರ ಮೇಲೆ ನನಗೆ ಜೀವ ಬಂದದ್ದು ಆ ಬಸ್ಸಿನಲ್ಲಿ. ಮಗಳಿಗೆ ಇದನ್ನೆಲ್ಲ ಬರೆಯಬಾರದು. ಆದರೆ ಬರೆಯುವುದಕ್ಕೆ ನನಗೆ ಇನ್ಯಾರಿದ್ದಾರೆ?

ಊರಿಗೆ ಬಂದು ಸಡಿಲವಾಗಿ ಕೊಂಡಿ ಹಾಕಿ ಒಂದು ಚಂದ್ರಕಾಳಿ ನೇಯ್ದೆ. ಕಪ್ಪು ಮೈ, ಕೆಂಪು ಸೆರಗು. ಇಷ್ಟು ವರ್ಷವೂ ಅವರನ್ನು ಮನೆಗೆ ತಂದದ್ದು ಅದೇ ಸೀರೆ. ನಡುಮನೆಯ ಗೂಟಕ್ಕೆ ತೂಗುಹಾಕಿದ್ದ ಗಂಟಿನಲ್ಲಿ ಇದ್ದದ್ದೂ ಅದೇ.

ಈಗ ನಿನಗೆ ಹೊಳೆದಿರಬೇಕು. ಹಬ್ಬಕ್ಕೆ ಬಂದ ನೀನು ಆ ಗಂಟು ಬಿಚ್ಚಿ, ಸವೆದ ಸೀರೆ ನೋಡಿ ಮರುಗಿ, ಪಾತ್ರೆಯವಳಿಗೆ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಂಡೆ. ಅವ್ವ ಹಬ್ಬದ ದಿನ ಬಿಚ್ಚಿ ನೋಡಿ ಹಿಗ್ಗಲಿ ಎಂದು, ರಾಜೇಶ ಕಾಕಾನ ಪವರ್‌ಲೂಮಿನಿಂದ ತಂದ ಹೊಸ ಚಂದ್ರಕಾಳಿಯನ್ನು ಗಂಟಿನಲ್ಲಿ ಕಟ್ಟಿಟ್ಟೆ. ನಿಮ್ಮಪ್ಪ ಬಿಚ್ಚಿ ನೋಡದೆ ಒಯ್ದರು. ಬಣ್ಣ ಅದೇ, ದಡಿ ಅದೇ. ಆದರೆ ಯಂತ್ರದ ಸೀರೆಗೆ ಈ ತುದಿಯಿಂದ ಆ ತುದಿಗೆ ಒಂದೇ ಹಾಸು. ಅದಕ್ಕೆ ಕೊಂಡಿ ಎಲ್ಲಿಂದ ಬರಬೇಕು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪಾಡ್ಯದ ದಿನ ಬಸ್ಸು ಹತ್ತುವಾಗ ನೀನೇ ಇದನ್ನು ಹೇಳಿದೆ, ನಿನ್ನನ್ನು ಕಳಿಸಿದವಳೇ ಊರಾಚೆಯ ಹಳೆ ಕಲ್ಲಿನ ಖಣಿಗೆ ಹೋದೆ. ಅವರು ಸೀರೆ ಇಡುವ ಕೆಂಪು ಕಲ್ಲಿನ ಮೇಲೆ ನಿನ್ನ ಹೊಸ ಸೀರೆ ಚಿಂದಿಯಾಗಿ ಬಿದ್ದಿತ್ತು. ಸೆರಗಿನ ತುಂಬ ಹಲ್ಲಿನ ಗುರುತು. ಒಳಗೆ ಬರಲು ಎಷ್ಟು ಒದ್ದಾಡಿದ್ದರೋ. ಆ ಚಿಂದಿಯನ್ನು ಮಡಿಲಲ್ಲಿ ಹಾಕಿಕೊಂಡು ಅಲ್ಲೇ ಕೂತು ಅತ್ತೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನಗೆ ಹೇಳಿದವರಾರು? ಆದರೆ ಅಳುತ್ತ ಕೂಡಬೇಡ, ನೆನಪು ಮಾಡಿಕೋ. ಆ ಪಾತ್ರೆಯವಳು ಯಾವ ಊರಿನವಳು? ಹೆಸರೇನಾದರೂ ಹೇಳಿದ್ದಳೇ? ತಿರುಗು ಟಪಾಲಿಗೆ ಬರೆ. ಹದಿನಾಲ್ಕಕ್ಕೆ ಛಟ್ಟಿ ಅಮಾವಾಸ್ಯೆ. ಕುರಿ ಕಾಯುವ ಕಾಶಪ್ಪ ನಿನ್ನೆ ಓಣಿಯಲ್ಲಿ ನಿಂತು, ‘ಖಣ್ಯಾಗ ತೋಳ ಬಿಡಾರ ಮಾಡೇತಿ, ಹಗಲೊತ್ನ್ಯಾಗ ಮರಿ ಒಯ್ದೈತಿ’ ಎಂದು ಎಲ್ಲರಿಗೂ ಹೇಳುತ್ತಿದ್ದ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಇದೆಯಲ್ಲ. ಆ ಗಾದೆ ಕಟ್ಟಿದವರಿಗೆ ತೋಳದ ಹೆಂಡತಿಯ ನೆನಪು ಬಂದಿರಲಿಕ್ಕಿಲ್ಲ.

ವೇಳೆಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಮಹಾನಂದಾ


ಇಳಕಲ್ಲ,
18 ಡಿಸೆಂಬರ್ 2001, ಮಂಗಳವಾರ

ನಾಗೂ,

ಮತ್ತೆ ತಡವಾಯಿತು, ತಪ್ಪು ತಿಳಿಯಬೇಡ. ಊರೂರು ತಿರುಗಿ ಚಪ್ಪಲಿ ಹರಿಯಿತು.

ನೀನು ಬರೆದಂತೆ ಹುನಗುಂದಕ್ಕೆ ಹೋಗಿ ಆ ಪಾತ್ರೆಯವಳನ್ನು ಹಿಡಿದೆ. ಹಳೆ ಸೀರೆಗಳನ್ನೆಲ್ಲ ಅಮೀನಗಡದ ಗುಲಾಬಬಿಗೆ ಹಾಕಿದ್ದೇನೆ ಎಂದಳು. ಗುಲಾಬಬಿ ಕೌದಿ ಹೊಲಿಯುವವಳು. ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆ ಅವಳಂತೆ ಯಾರೂ ಮಾಡುವುದಿಲ್ಲ. ನಾನು ಹೋದಾಗ ಅಂಗಳದಲ್ಲಿ ಕೌದಿ ಹಾಸಿಕೊಂಡು ಕೂತಿದ್ದಳು. ದೂರದಿಂದಲೇ ನನ್ನ ಸೀರೆ ಗುರುತು ಸಿಕ್ಕಿತು. ಮೈ ನಾಲ್ಕು ಮೂಲೆಗೆ, ಸೆರಗು ನಡುವಿಗೆ. ಕತ್ತರಿ ಬಿದ್ದದ್ದು ಸರಿಯಾಗಿ ಕೊಂಡಿಯ ಮೇಲೇ.

‘ಯವ್ವಾ, ಗಟ್ಟಿ ಜಾಗಾ ನೋಡೇ ಕತ್ತರಸ್ತೇವಿ. ಅಲ್ಲೆ ಜೋಡ ಇತ್ತಲ್ಲ, ಹೊಲ್ಯಾಕ ಬರೂದಿಲ್ಲಂತ ತಗದ ಒಗದೆ’ ಎಂದಳು. ನಾನು ಕತ್ತರಿಸಿದ ಅಂಚನ್ನೇ ಸವರುತ್ತ ಕೂತದ್ದನ್ನು ಕಂಡು ಗಾಬರಿಯಾಗಿ ನೀರು ತಂದುಕೊಟ್ಟಳು. ‘ಗಂಡನ ನೆಪ್ಪಿನ ಸೀರಿ ಏನ?’ ಎಂದು ಕೇಳಿದಳು. ಹೌದೆಂದೆ. ಕೌದಿಯನ್ನು ಮಡಚಿ ನನ್ನ ಕೈಗಿಟ್ಟಳು. ಎಷ್ಟು ಹೇಳಿದರೂ ಒಂದು ಪೈಸೆ ಮುಟ್ಟಲಿಲ್ಲ.

ಛಟ್ಟಿ ಅಮಾವಾಸ್ಯೆಯ ದಿನ ಆ ಕೌದಿಯನ್ನೇ ಕಲ್ಲಿನ ಮೇಲೆ ಹಾಸಿದೆ. ಮುಳುಗುವವಳಿಗೆ ಹುಲ್ಲುಕಡ್ಡಿ. ಅವರು ಬಂದರು ನಾಗೂ. ಖಣಿಯ ಮೇಲಿನ ಅಂಚಿನಲ್ಲಿ ನಿಂತರು. ನಾನು ‘ಬರ್ರಿ, ನಾನ ಅದೀನಿ’ ಎಂದೆ. ಇಳಿದು ಬಂದು ಕೌದಿಯ ಸುತ್ತ ತಿರುಗಿ, ತುಂಡು ತುಂಡಾಗಿ ಮೂಸಿದರು. ಹೊಲಿಗೆ ಇತ್ತು, ದಾರಿ ಇರಲಿಲ್ಲ. ನನ್ನ ಪಾದದ ಮೇಲೆ ಗದ್ದವಿಟ್ಟು ಸ್ವಲ್ಪ ಹೊತ್ತು ಮಲಗಿ, ಎದ್ದು ಹೋದರು. ನಾನು ಮುಟ್ಟಲು ಕೈ ಚಾಚಿದೆ. ಅಷ್ಟರಲ್ಲಿ ದೂರವಾಗಿದ್ದರು.

ಬರುವಾಗ ದಾರಿಯಲ್ಲಿ ಕಾಶಪ್ಪ ಅಡ್ಡ ಸಿಕ್ಕ. ‘ಏನ ತಂಗಿ, ಇಲ್ಲಿ ಯಾಕ ಬಂದಿ? ಇಲ್ಲಿ ತೋಳ ಐತಿ’ ಎಂದ. ಕಟ್ಟಿಗೆಗೆ ಬಂದಿದ್ದೆ ಎಂದೆ. ‘ಬರಬ್ಯಾಡ. ಎಳ್ಳಮಾಸಿ ಒಂದ ಮುಗೀಲಿ, ಎಲ್ಲಾ ಕುರುಬರು ಕೂಡಿ ಖಣಿಗೆ ಹೊಗಿ ಹಾಕ್ತೇವಿ. ಒಂದಲ್ಲವ್ವಾ, ಜೋಡಿ ಅದಾವ’ ಎಂದ. ಜೋಡಿ ಅಂತೆ! ಮುದುಕನ ಕಣ್ಣಿಗೆ ಪೊರೆ ಬಂದಿರಬೇಕು. ತನ್ನ ನಾಯಿಯನ್ನೇ ಎರಡನೆಯ ತೋಳ ಎಂದು ನೋಡಿರುತ್ತಾನೆ.

ಹಾಗಾಗಿ ಉಳಿದದ್ದು ಒಂದೇ ದಾರಿ, ಮುಂದಿನ ತಿಂಗಳ ಎಳ್ಳಮಾವಾಸ್ಯೆಯೊಳಗೆ ಹೊಸ ಸೀರೆ. ನಿನ್ನ ಕಾಕಾ ರಾಜೇಶ ಏನೂ ಕೇಳದೆ ನೂಲು, ರೇಷ್ಮೆ ತಂದುಹಾಕಿದ್ದಾನೆ. ‘ವೈನಿ, ನನ್ನ ಮಗ್ಗಕ್ಕ ಹಾಕ್ರಿ, ಒಂದ ದಿನದಾಗ ಇಳಸ್ತೇನಿ’ ಎಂದ. ಅವನ ಒಳ್ಳೆಯ ಮನಸ್ಸಿಗೆ ಏನು ಹೇಳಲಿ? ನಾನು ನೇಯ್ದು ಎಷ್ಟು ವರ್ಷವಾಯಿತು. ಬೆರಳಿನ ಗೆಣ್ಣು ಊದಿಕೊಂಡಿವೆ. ಎಳೆ ಸಿಕ್ಕಿಸಲು ಹೋದರೆ ಕಣ್ಣಿನಲ್ಲಿ ನೀರು ತುಂಬಿ ಎರಡೆರಡು ಕಾಣುತ್ತವೆ. ಮೈ ನೇಯ್ದುಬಿಡುತ್ತೇನೆ, ಅದಕ್ಕೆ ಅಂಜಿಕೆ ಇಲ್ಲ. ಕೊಂಡಿಯಲ್ಲಿ ಒಂದು ಎಳೆ ತಪ್ಪಿದರೆ ಏನಾಗುತ್ತದೆ ಎಂದು ಅತ್ತೆ ಹೇಳಿರಲಿಲ್ಲ. ಅರ್ಧ ಮನುಷ್ಯ, ಅರ್ಧ ತೋಳವಾಗಿ ಸಿಕ್ಕಿಕೊಂಡರೆ ಏನು ಮಾಡಲಿ? ಊಟಕ್ಕೆ ಕೂತರೂ ಅದೇ ಯೋಚನೆ, ಜಡೆ ಹಾಕಿಕೊಂಡರೂ ಅದೇ ಯೋಚನೆ.

ನೀನು ಪರೀಕ್ಷೆ ಬಿಟ್ಟು ಬರುತ್ತೇನೆಂದು ಬರೆದಿದ್ದೀಯ. ಬರಬೇಡ. ನಿಮ್ಮಪ್ಪ ತಿರುಗಿ ಬಂದು ಮೊದಲು ಕೇಳುವುದು ನಿನ್ನ ಪರೀಕ್ಷೆಯನ್ನೇ. ಆಗ ನಾನು ಬೈಸಿಕೊಳ್ಳಬೇಕು.

ಸಂಗಮನಾಥ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ


ಇಳಕಲ್ಲ,
16 ಜನವರಿ 2002, ಬುಧವಾರ

ಮುದ್ದು ಮಗಳು ನಾಗೂಗೆ,

ಸಂಕ್ರಾಂತಿಯ ಎಳ್ಳು ಬೆಲ್ಲ ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ. ಒಳ್ಳೆಯ ಮಾತಾಡಬೇಕಾದ ಹಬ್ಬ, ಆದರೆ ಒಳ್ಳೆಯ ಸುದ್ದಿ ಇಲ್ಲದ್ದರಿಂದಲೇ ಬರೆಯಲು ತಡವಾಯಿತು.

ಸೀರೆ ಮುಗಿಯಿತು. ಕೊಂಡಿ ಹಾಕುವ ದಿನ ರಾಜೇಶ ತನ್ನ ಯಂತ್ರಗಳನ್ನು ನಿಲ್ಲಿಸಿದ, ‘ವೈನಿ ಕೈ ನಡಗ್ತಾವ, ಸಪ್ಪಳ ಬ್ಯಾಡ’ ಎಂದು. ಅಬೇದಾ ಬಂದು ದೀಪ ಹಿಡಿದು ಕೂತಳು. ಎಳೆ ಸಿಕ್ಕಿಸಿ ಮುಗಿಸಿದಾಗ ಅವಳೇ ನನ್ನ ಬೆರಳುಗಳಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದಳು. ಯಾರಿಗೆ ಎಂದು ಕೇಳಲಿಲ್ಲ. ಈ ಓಣಿಯ ಜನ ಬೇಡದ್ದನ್ನೆಲ್ಲ ಕೇಳುತ್ತಾರೆ, ಕೇಳಬೇಕಾದ್ದನ್ನು ಕೇಳುವುದಿಲ್ಲ. ಅದೂ ಒಂದು ಪುಣ್ಯ.

ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುವುದು ಗೊತ್ತಲ್ಲ. ನಮಗೆ ಹೊಲವಿಲ್ಲದಿದ್ದರೂ ರಾಚಯ್ಯನವರ ಸಂಗವ್ವ ಪ್ರತಿವರ್ಷ ಕರೆಯುತ್ತಾಳೆ. ಅವರ ಹೊಲ ಖಣಿಗೆ ಹೊಂದಿಕೊಂಡೇ ಇದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ, ಎಳ್ಳ ಹೋಳಿಗೆ ಬುಟ್ಟಿಯಲ್ಲಿ ತುಂಬಿ, ತಳಕ್ಕೆ ಸೀರೆ ಇಟ್ಟುಕೊಂಡೆ. ಎಲ್ಲರ ತಲೆಯ ಮೇಲೂ ಬುಟ್ಟಿ ಇರುವ ದಿನ ನನ್ನ ಬುಟ್ಟಿಯನ್ನು ಯಾರು ನೋಡುತ್ತಾರೆ? ತಂದ ಅಡುಗೆಯನ್ನು ಬೆಳೆಗೆ ಚರಗವೆಂದು ಚೆಲ್ಲಿ, ಉಂಡು, ಗಂಡಸರು ಬೇವಿನ ನೆರಳಿಗೆ ಒರಗಿದರು. ‘ಸಂಗವ್ವಾ, ಉಳದದ್ದ ಖಣಿ ಕಡೆ ಒಂದಿಷ್ಟ ಚೆಲ್ಲಿ ಬರ್ತೇನಿ’ ಎಂದೆ. ‘ಹೋಗಿ ಬಾರವ್ವಾ, ಮೂಕಪ್ರಾಣಿಗೂ ಹಬ್ಬ ಆಗಲಿ’ ಎಂದಳು ಆ ತಾಯಿ.

ಕೆಂಪು ಕಲ್ಲಿನ ಮೇಲೆ ಚಂದ್ರಕಾಳಿ ಹಾಸಿ ಕೂತೆ. ಕಾದೆ. ಹೊತ್ತು ಇಳಿಯಿತು. ಸಂಗವ್ವ ಕೂಗತೊಡಗಿದಳು. ಅವರು ಬರಲಿಲ್ಲ. ಸೀರೆ ಮಡಚಿ ಬುಟ್ಟಿಗೆ ಹಾಕಿಕೊಂಡು ಬಂದೆ.

ನನ್ನ ಕೈಯೇ ತಪ್ಪಿರಬೇಕು. ಕೊಂಡಿಯಲ್ಲಿ ಎಲ್ಲೋ ಒಂದು ಎಳೆ ಬಿಟ್ಟಿರಬೇಕು. ನೀನು ಮಾತ್ರ ನಿನ್ನ ತಲೆಗೆ ಏನನ್ನೂ ಹಚ್ಚಿಕೊಳ್ಳಬೇಡ. ಓಣಿಯವರಿಗೆ ನಿಮ್ಮಪ್ಪ ಇಚಲಕರಂಜಿಗೆ ದುಡಿಯಲು ಹೋಗಿದ್ದಾರೆ ಎಂದು ಹೇಳಿದ್ದೇನೆ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು. ಒಂದು ಸಮಾಧಾನವೆಂದರೆ ಕಾಶಪ್ಪ ಖಣಿಗೆ ಹೊಗೆ ಹಾಕುವುದನ್ನು ಸದ್ಯಕ್ಕೆ ಬಿಟ್ಟಿದ್ದಾನೆ. ಯಾಕೋ ಅವನ ಮನಸ್ಸು ತಿರುಗಿದೆ. ಎಷ್ಟು ದಿನ ಹಾಗೇ ಇರುತ್ತದೋ. ದೂರದಲ್ಲಿ ನಾಯಿ ಬೊಗಳಿದರೂ ನಾನು ಕೈಯಲ್ಲಿದ್ದ ರೊಟ್ಟಿ ಬಿಟ್ಟು ಏಳುತ್ತೇನೆ.

ಚೆನ್ನಾಗಿ ಓದು. ತಣ್ಣೀರಿನಲ್ಲಿ ತಲೆ ತೊಳೆಯಬೇಡ. ನಿನ್ನ ಬಾಳು ತುಂಬಿದ ಮನೆಯಂತಿರಲಿ, ನಿನ್ನ ಬಾಗಿಲಿಗೆ ಬಂದವರು ಹಸಿದು ಹೋಗದಿರಲಿ.

ನಿನ್ನ ಅವ್ವ,
ಮಹಾನಂದಾ

ತಾ.ಕ.: ಪಾಕೀಟು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೀಗೇ ಕಳಿಸಿದರೆ ನೀನು ಬದುಕಿರುವ ತನಕ ಆ ಸ್ಟೀಲಿನ ಡಬ್ಬಿ ನೋಡಿ ಅಳುತ್ತೀಯ.

ಅವರು ಬಂದಿದ್ದರು ನಾಗೂ. ನನ್ನ ಕೊಂಡಿಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ತುಂಬ ಸೊರಗಿದ್ದರು, ಒಂದು ಕಿವಿ ಹರಿದಿತ್ತು. ಸೀದಾ ಬಂದು ಸೆರಗಿನೊಳಗೆ ನುಸುಳಿದರು. ಕೊಂಡಿಯ ಈಚೆಗೆ ತಲೆ ಬಂತು, ಹೆಗಲು ಬಂತು, ಬಲಗೈ ಬಂತು. ನನ್ನ ಗಂಡನ ಮುಖ. ಉಗುರಿನ ಸಂದಿಯಲ್ಲಿನ ನೂಲಿನ ಬಣ್ಣದ ಕಲೆ ಕೂಡ ಹಾಗೇ ಇತ್ತು. ‘ಈ ಸಲ ಬಿಗಿ ಆಗಿಲ್ಲ ಮಾನಂದಾ’ ಎಂದರು.

ಆಗ ಜಾಲಿಯ ಮರೆಯಿಂದ ಕುಂಯ್ ಎಂದು ಒಂದು ದನಿ ಬಂತು. ಕಾಶಪ್ಪನ ಕಣ್ಣಿಗೆ ಪೊರೆ ಬಂದಿಲ್ಲ. ಅವಳು, ಆ ಎರಡನೆಯ ತೋಳ, ನಿಂತಿದ್ದಳು. ತುಂಬಿದ ಬಸುರಿ, ಇಂದೋ ನಾಳೆಯೋ ಎನ್ನುವ ಹಾಗೆ. ನನ್ನನ್ನು ನೋಡುತ್ತಿದ್ದವರು ಅತ್ತ ತಿರುಗಿದರು. ಮನುಷ್ಯನ ಮುಖದಲ್ಲೇ ತಿರುಗಿದರು. ತೋಳದ ಮುಖದಲ್ಲಿ ತಿರುಗಿದ್ದರೆ, ತೋಳ ತಾನೇ ಎಂದು ಬಿಟ್ಟುಬಿಡುತ್ತಿದ್ದೆ.

‘ಯಾರ್ರಿ ಅಕಿ?’ ಎಂದೆ. ಅವರ ಕಣ್ಣು ತುಂಬಿ ಬಂದವು. ‘ನಾ ಬರ್ತೇನಿ, ನಡಿ ಮನಿಗೆ’ ಎಂದರು. ಬರುತ್ತಿದ್ದರು. ಇನ್ನು ಸೊಂಟ, ಕಾಲು ದಾಟಿದ್ದರೆ ಅಂದು ಸಂಜೆ ನಮ್ಮ ನಡುಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಸೀರೆಯನ್ನು ಎಳೆದುಕೊಂಡವಳು ನಾನು.

ಬಸುರಿಯ ಜೋಡಿಯನ್ನು ಕಿತ್ತುಕೊಂಡರೆ ಆ ಹಳೆಯ ಪಾಪ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಅದಕ್ಕೇ ಎಳೆದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಶಪ್ಪನಿಗೂ ಹೇಳಿದ್ದೇನೆ, ಖಣಿಯಲ್ಲಿ ಇರುವುದು ಬಸುರಿ ತೋಳ ಎಂದು. ‘ಹಂಗಾದ್ರ ಮುಟ್ಟೂದಿಲ್ಲ ತಗೋ, ನನ್ನ ಕುರಿನೂ ಈಯೂದ ಐತಿ’ ಎಂದ. ಆದರೆ ಖರೆ ಕೇಳುತ್ತೀಯಾ? ಕನಿಕರದಿಂದ ಎಳೆದೆನೋ ಹೊಟ್ಟೆಕಿಚ್ಚಿನಿಂದ ಎಳೆದೆನೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಎಳೆಯುವಾಗ ಅವರ ಬಲಗೈ ನನ್ನ ಕೈ ಹಿಡಿದಿತ್ತು. ಅದು ನನ್ನ ಕೈಯಲ್ಲೇ ಪಂಜವಾಯಿತು.

ಸೀರೆ ಮತ್ತೆ ಅದೇ ಗೂಟಕ್ಕೆ ತೂಗುತ್ತಿದೆ. ಮುಂದಿನ ಅಮಾವಾಸ್ಯೆಗೆ ನೀನು ಬಾ. ನಾನು ಗಂಟು ತೆಗೆದುಕೊಂಡು ಖಣಿಯ ಕಡೆ ಹೊರಟರೆ ತಡೆಯಬೇಡ. ಹೊರಡದಿದ್ದರೆ, ಯಾಕವ್ವಾ ಎಂದು ಕೇಳಬೇಡ.